ವರ್ಗಾವಣೆ ಆಗದ ಚೇತಕ್

ಹಾಸನದ ನಿವೃತ್ತ ಕನ್ನಡ ಮೇಷ್ಟ್ರೊಬ್ಬರ ಮನೆಗೆ 2023ರ ಜನವರಿಯಲ್ಲಿ ಬೆಂಗಳೂರು ಸಂಚಾರ ಪೊಲೀಸರ ನೋಟಿಸ್ ಬಂತು. ಹೆಲ್ಮೆಟ್ ಇಲ್ಲದೆ ಸ್ಕೂಟರ್ ಓಡಿಸಿದ್ದಕ್ಕೆ 500 ರೂಪಾಯಿ ದಂಡ, ಜೊತೆಗೊಂದು ಫೋಟೊ. ಮೇಷ್ಟ್ರು ಹಿಂದಿನ ಮೂರು ವರ್ಷದಲ್ಲಿ ಬೆಂಗಳೂರಿಗೆ ಹೋಗಿದ್ದು ಒಂದೇ ಸಲ, ಅದೂ ಮದುವೆಗೆ, ಬಸ್ಸಿನಲ್ಲಿ. ಫೋಟೊದಲ್ಲಿದ್ದವನಿಗೆ ತಲೆತುಂಬ ಕೂದಲು. ಮೇಷ್ಟ್ರಿಗೆ ಆ ಭಾಗ್ಯ ತಪ್ಪಿ ಇಪ್ಪತ್ತು ವರ್ಷವಾಗಿತ್ತು. ಅವರ ಹೆಂಡತಿ ಕನ್ನಡಕ ಹಾಕಿಕೊಂಡು ನೋಡಿ, "ನೀವಲ್ಲ ಬಿಡ್ರೀ. ಆದ್ರೆ ಗಾಡಿ ನಮ್ದೇ" ಅಂದರು.

ತಕರಾರು ಇದ್ದದ್ದೇ ಆ "ನಮ್ದೇ" ಎಂಬಲ್ಲಿ. ಅದು 2001ರಲ್ಲಿ ಬ್ಯಾಂಕ್ ಸಾಲ ಮಾಡಿ ಕೊಂಡ ಬಜಾಜ್ ಚೇತಕ್. ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತಿದ್ದರೂ ಥಂಡಿ ಹಿಡಿದ ಬೆಳಗ್ಗೆ ಅದನ್ನು ಒಂದು ಮಗ್ಗುಲಿಗೆ ವಾಲಿಸಿ, ಮೂರೆಣಿಸಿ, ನೆಟ್ಟಗೆ ನಿಲ್ಲಿಸಿ ಕಿಕ್ ಹೊಡೆದರಷ್ಟೇ ಹೊರಡುತ್ತಿತ್ತು. 2022ರ ಮಳೆಗಾಲದಲ್ಲಿ ಹಳೇ ಶಿಷ್ಯನೊಬ್ಬನ ಮಗ ಅದನ್ನು ಆಸೆಪಟ್ಟು ಕೊಂಡ. ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸ, ಹಳೇ ಗಾಡಿಗಳ ಹುಚ್ಚು. ಮೇಷ್ಟ್ರು ಆರ್‌ಸಿ ಕೊಟ್ಟರು, ಫಾರಂ 29 ಮತ್ತು 30ರಲ್ಲಿ ತೋರಿಸಿದ ಕಡೆಯೆಲ್ಲ ಸಹಿ ಹಾಕಿದರು, ಹ್ಯಾಂಡಲಿಗೆ ಕುಂಕುಮ ಹಚ್ಚಿದರು. "ಉಳಿದದ್ದು ನಾನು ಮಾಡಿಸ್ಕೋತೀನಿ ಸಾರ್" ಅಂದ ಹುಡುಗ. ಮಗಳನ್ನು ಧಾರೆಯೆರೆದು ಕೊಟ್ಟಷ್ಟು ಸಮಾಧಾನದಿಂದ ಮೇಷ್ಟ್ರು ಒಳಗೆ ಬಂದು ಕಾಫಿ ಕುಡಿದರು.

ಗಾಡಿ ಗಂಡನ ಮನೆ ಸೇರಿತ್ತು. ಹೆಸರು ಮಾತ್ರ ತವರಿನದೇ ಉಳಿದಿತ್ತು.

ಈ ಗೊಂದಲಕ್ಕೆ ಎರಡು ಕಾಯ್ದೆಗಳ ಬೆಂಬಲವಿದೆ. ಸ್ಕೂಟರ್ ಎಂದರೆ ಒಂದು ಸರಕು. 1930ರ ಸರಕು ಮಾರಾಟ ಕಾಯ್ದೆಯ ಪ್ರಕಾರ ಮಾತು ಮುಗಿದು, ದುಡ್ಡು ಕೈಸೇರಿ, ಗಾಡಿ ಗೇಟು ದಾಟಿದರೆ ಅದು ಕೊಂಡವನದು. ಆದರೆ 1988ರ ಮೋಟಾರು ವಾಹನ ಕಾಯ್ದೆಗೆ ಗೇಟು ಕಾಣುವುದಿಲ್ಲ, ರಿಜಿಸ್ಟರ್ ಮಾತ್ರ ಕಾಣುತ್ತದೆ. ಯಾರ ಹೆಸರಿನಲ್ಲಿ ನೋಂದಣಿಯಿದೆಯೋ ಅವರೇ ಮಾಲೀಕರು. ಅದರ 50ನೇ ಕಲಮಿನಂತೆ, ರಾಜ್ಯದೊಳಗೇ ಮಾರಿದವರು 14 ದಿನದೊಳಗೆ ಆರ್‌ಟಿಓಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ. ಮೇಷ್ಟ್ರು ತಿಳಿಸಿದ್ದು ಪಕ್ಕದ ಮನೆಯವರಿಗೆ ಮಾತ್ರ.

ನೋಟಿಸ್ ಓದಿದ ವಕೀಲ ಮಿತ್ರರು ಅವರ ರಕ್ತದೊತ್ತಡವನ್ನು ಇನ್ನಷ್ಟು ಏರಿಸಿದರು. 2007ರಲ್ಲಿ ಒಬ್ಬರು ಕಾರು ಮಾರಿದ್ದರಂತೆ. ಅದು ಕೈಯಿಂದ ಕೈಗೆ ದಾಟುತ್ತ ಹೋಗಿ 2009ರಲ್ಲಿ ಅಪಘಾತ ಮಾಡಿತು. ನಡುವಿನವರು ಯಾರೂ ಆರ್‌ಸಿಯಲ್ಲಿ ಹೆಸರು ಬದಲಾಯಿಸಿರಲಿಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಪರಿಹಾರದ ಹೊಣೆ ನೋಂದಾಯಿತ ಮಾಲೀಕರದೇ. ಮೇಷ್ಟ್ರು ಆ ರಾತ್ರಿ ಮಲಗಲಿಲ್ಲ. ನಡುರಾತ್ರಿ ಹುಡುಗನಿಗೆ ಫೋನ್ ಮಾಡಿ, "ಮಲಗಿದ್ದೀಯೇನಪ್ಪಾ? ಗಾಡಿ ಎಲ್ಲಿದೆ?" ಎಂದು ವಿಚಾರಿಸಿದರು. ಹುಡುಗ ಅದೇ ಗಳಿಗೆಯಲ್ಲಿ ಇನ್ನೊಂದು ಸತ್ಯವನ್ನೂ ಒಪ್ಪಿಕೊಂಡ: "ಸಹಿ ಹಾಕಿದ ಫಾರಂಗಳು ಪಿ.ಜಿ. ಬದಲಾಯಿಸುವಾಗ ಎಲ್ಲೋ ಹೋಗ್ಬಿಟ್ವು ಸಾರ್."

ಆರ್‌ಟಿಓ ಎದುರಿನ ಏಜೆಂಟ್ ಹೊಸ ಫಾರಂ ಕೊಡುತ್ತ, "ಓನರ್‌ಶಿಪ್ ವರ್ಗಾವಣೆ ತಾನೇ ಮೇಷ್ಟ್ರೇ?" ಅಂದ. ವರ್ಗಾವಣೆ ಎಂಬ ಪದ ಕೇಳಿದರೆ ಈಗಲೂ ಮೇಷ್ಟ್ರ ಎದೆ ಜಗ್ ಎನ್ನುತ್ತದೆ. ಸರ್ಕಾರಿ ಶಾಲೆಯ ಮೂವತ್ತು ವರ್ಷದಲ್ಲಿ ಹಾಸನದಿಂದ ಸಕಲೇಶಪುರಕ್ಕೆ, ಅಲ್ಲಿಂದ ಅರಕಲಗೂಡಿಗೆ ಅವರು ಪಾತ್ರೆಪಗಡದ ಸಮೇತ ಲಾರಿ ಹತ್ತಿದವರು. ಆಗ ಬೇಡವೆಂದರೂ ವರ್ಗಾವಣೆ ಆಗುತ್ತಿತ್ತು, ಈಗ ಬೇಕೆಂದರೂ ಆಗುತ್ತಿಲ್ಲ.

ಮೊದಲ ತೊಡಕು ಆರ್‌ಸಿಯಲ್ಲೇ ಇತ್ತು. ಸ್ಕೂಟರಿನ ಸಾಲ 2004ಕ್ಕೇ ತೀರಿದ್ದರೂ ಬ್ಯಾಂಕಿನ ಹೆಸರು ಅಲ್ಲಿ ಹಾಗೇ ಕೂತಿತ್ತು. ಅದನ್ನು ತೆಗೆಸಲು ಫಾರಂ 35ಕ್ಕೆ ಬ್ಯಾಂಕಿನ ಸಹಿ, ಮೊಹರು ಬೇಕು. ಆದರೆ ಬ್ಯಾಂಕೇ ಇರಲಿಲ್ಲ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐ ಸೇರಿತು, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾ ಪಾಲಾಯಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾದಲ್ಲಿ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನಲ್ಲಿ ಲೀನವಾದವು. ಮೇಷ್ಟ್ರಿಗೆ ಸಾಲ ಕೊಟ್ಟದ್ದು ಈ ನಾಲ್ಕರಲ್ಲೊಂದು. ಹೊಸ ಬೋರ್ಡಿನ ಕೆಳಗೆ ಕೂತಿದ್ದ ಮ್ಯಾನೇಜರ್, ಸಾಲ ಮಂಜೂರಾದಾಗ ಬಹುಶಃ ಮೂರನೇ ಕ್ಲಾಸಿನಲ್ಲಿದ್ದವರು. ಪಾಪ, ಹಳೇ ಲೆಕ್ಕ ಹುಡುಕಿಸಿ ಹದಿನೈದು ದಿನದಲ್ಲಿ ಕಾಗದ ಕೊಟ್ಟರು. ಸಾಲ ತೀರಿಸಿದ್ದಕ್ಕೆ ಹತ್ತೊಂಬತ್ತು ವರ್ಷದ ಮೇಲೆ ಸಿಕ್ಕ ಆ ಪ್ರಶಸ್ತಿಪತ್ರವನ್ನು ಮೇಷ್ಟ್ರು ಎರಡು ಪ್ರತಿ ಜೆರಾಕ್ಸ್ ಮಾಡಿಸಿದರು.

ಎರಡನೆಯ ತೊಡಕು ಸ್ವತಃ ಮೇಷ್ಟ್ರೇ. ಆರ್‌ಸಿಯಲ್ಲಿ ಅವರ ಹೆಸರಿನ ಮುಂದೆ ಎರಡು ಇನಿಷಿಯಲ್. ಆಧಾರ್‌ನಲ್ಲಿ ಒಂದು ಇನಿಷಿಯಲ್ ಊರಾಗಿ, ಇನ್ನೊಂದು ಅಪ್ಪನಾಗಿ ಬಿಚ್ಚಿಕೊಂಡು, ಹೆಸರು ಬಾಲಂಗೋಚಿಯಷ್ಟು ಉದ್ದವಾಗಿತ್ತು. ಇವರಿಬ್ಬರೂ ಒಬ್ಬರೇ ಎಂದು ಯಾರಾದರೂ ಹೇಳಬೇಕಲ್ಲ? ಅದಕ್ಕೆ ನೋಟರಿ.

ಕೋರ್ಟಿನ ಮುಂದಿನ ಮರದಡಿಯ ಟೈಪಿಸ್ಟ್ ಈಗ ಕಂಪ್ಯೂಟರ್ ಇಟ್ಟುಕೊಂಡಿದ್ದರೂ, ಅಫಿಡವಿಟ್ಟಿನ ಭಾಷೆ ಬೆರಳಚ್ಚು ಯಂತ್ರದ ಕಾಲದ್ದೇ. ಖಾನಾಪುರದ ತೆಲಗಿ ನಕಲಿ ಛಾಪಾ ಕಾಗದ ಹಂಚಿ ದೇಶವನ್ನೇ ಬೆಚ್ಚಿಬೀಳಿಸಿದ ಮೇಲೆ ಇಲ್ಲಿ ಇ-ಸ್ಟಾಂಪ್ ಬಂದಿದೆ; ಮೇಷ್ಟ್ರು ಮಾತ್ರ ಅಭ್ಯಾಸಬಲದಿಂದ "ಒಂದು ಛಾಪಾ ಕಾಗದ ಕೊಡಪ್ಪ" ಎಂದೇ ಕೇಳಿದರು. "ಸದರಿ ಇಬ್ಬರು ವ್ಯಕ್ತಿಗಳೂ ನಾನೊಬ್ಬನೇ ಆಗಿರುತ್ತೇನೆ" ಎಂದು ಬರೆದದ್ದನ್ನು ಓದಿ, ವಚನ ದೋಷವಿದೆ ಎಂದು ಕೆಂಪು ಪೆನ್ನು ತೆಗೆದರು. "ತಿದ್ದಿದರೆ ನಡೆಯಲ್ಲ ಸಾರ್" ಅಂದ ಟೈಪಿಸ್ಟ್. ಅದ್ವೈತವನ್ನು ಹೇಳಲು ವ್ಯಾಕರಣ ಸಾಲದು ಎಂದುಕೊಂಡು ಮೇಷ್ಟ್ರು ಸಹಿ ಹಾಕಿದರು.

ನೋಟರಿ ಸಾಮಾನ್ಯ ಆಸಾಮಿಯಲ್ಲ. 1952ರ ಕಾಯ್ದೆಯಡಿ ಸರ್ಕಾರವೇ ನೇಮಿಸಿದವರು, ಮೊದಲು ಹತ್ತಾರು ವರ್ಷ ವಕೀಲಿಕೆ ಮಾಡಿದವರು. ಐದು ಸೆಂಟಿಮೀಟರ್ ಅಗಲದ ದುಂಡು ಮೊಹರನ್ನು ಅವರು ಧಡ್ ಎಂದು ಒತ್ತಿದ ಗಳಿಗೆಯಿಂದ ಮೇಷ್ಟ್ರು ಅಧಿಕೃತವಾಗಿ ಮೇಷ್ಟ್ರೇ ಆದರು. ಉಮೇದು ಹೆಚ್ಚಿ, "ಹಾಗೇ ಗಾಡಿ ಮಾರಿದ್ದಕ್ಕೂ ಒಂದು ಅಗ್ರಿಮೆಂಟಿಗೆ ಮೊಹರು ಒತ್ತಿಬಿಡಿ, ಕೆಲಸ ಮುಗೀತು" ಅಂದರು. ನೋಟರಿ ನಕ್ಕರು. "ನಾನು ಒತ್ತಬಹುದು ಸಾರ್. ಸಹಿ ನಿಮ್ಮದೇ ಅಂತ ಅದು ಹೇಳುತ್ತೆ. ಆರ್‌ಸಿಯಲ್ಲಿ ಹೆಸರು ಬದಲಾಗೋದು ಆರ್‌ಟಿಓನಲ್ಲೇ."

ಅಷ್ಟರಲ್ಲಿ ದಂಡದ ನೋಟಿಸುಗಳು ನಾಲ್ಕಾಗಿದ್ದವು. ಬೆಂಗಳೂರಿನ ಐವತ್ತು ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರಿನಲ್ಲಿ ಹೊಸ ಕ್ಯಾಮೆರಾ ಜಾಲ ಶುರುವಾಗಿತ್ತು. ಹುಡುಗ ಯಾವ ದಿನ ಯಾವ ಸಿಗ್ನಲ್ಲಿನಲ್ಲಿದ್ದ ಎಂಬುದು ಅವನ ಅಪ್ಪನಿಗಿಂತ ಮೊದಲು ಮೇಷ್ಟ್ರಿಗೆ ತಿಳಿಯುತ್ತಿತ್ತು. ಫೆಬ್ರವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಅರ್ಧದಷ್ಟು ರಿಯಾಯಿತಿ ಘೋಷಿಸಿದಾಗ ಜನ ಆಷಾಢದ ಸೀರೆ ಅಂಗಡಿಗೆ ನುಗ್ಗುವಂತೆ ನುಗ್ಗಿ ಕಟ್ಟಿದರು. ಹುಡುಗನೂ ಎರಡು ಸಾವಿರದ ಜಾಗದಲ್ಲಿ ಒಂದು ಸಾವಿರ ಕಟ್ಟಿ, ಲಾಭ ಮಾಡಿದವನಂತೆ ಮೆಸೇಜ್ ಕಳಿಸಿದ.

ಒಂದು ಭಾನುವಾರ ಅವನು ಸ್ಕೂಟರ್ ಸಮೇತ ಹಾಸನಕ್ಕೆ ಬಂದ. ಫಾರಂ 30ಕ್ಕೆ ಚಾಸಿ ನಂಬರಿನ ಪೆನ್ಸಿಲ್ ಪ್ರಿಂಟ್ ಅಂಟಿಸಬೇಕಿತ್ತು. ಕಂಪ್ಯೂಟರಿನ ಹುಡುಗನಿಗೆ ಇದು ಅರ್ಥವೇ ಆಗಲಿಲ್ಲ. "ಫೋಟೊ ತೆಗೆದ್ರೆ ಸಾಲ್ದಾ ಸಾರ್?" ಮೇಷ್ಟ್ರು ಎಂಜಿನ್ನಿನ ಮುಚ್ಚಳ ತೆಗೆದು, ಇಪ್ಪತ್ತು ವರ್ಷದ ಜಿಡ್ಡು ಒರೆಸಿ, ತೆಳು ಕಾಗದ ಒತ್ತಿ ಹಿಡಿದು, ಪೆನ್ಸಿಲ್ ಅಡ್ಡಡ್ಡ ಉಜ್ಜಿದರು. ಕ್ಲಾಸಿನ ಕೊನೇ ಬೆಂಚಿನ ಮಕ್ಕಳು ನಾಲ್ಕಾಣೆ ಮೇಲೆ ಕಾಗದವಿಟ್ಟು ಸಿಂಹ ಮೂಡಿಸುತ್ತಿದ್ದ ವಿದ್ಯೆಯೇ ಇದು. ಅದಕ್ಕಾಗಿ ತಾವು ಎಷ್ಟು ಕಿವಿ ಹಿಂಡಿದ್ದರೆಂದು ನೆನೆದು ಮೇಷ್ಟ್ರು ಸ್ವಲ್ಪ ಪೆಚ್ಚಾದರು. ಅಂಕಿಗಳು ಒಂದೊಂದಾಗಿ ಮೂಡಿಬಂದವು.

ಆಮೇಲಿನದು ಓಟಿಪಿ ಪರ್ವ, ಇನ್ಶೂರೆನ್ಸ್ ಬದಲಾವಣೆ, ಸರ್ವರ್ ಡೌನ್. ಜೂನ್ ಹೊತ್ತಿಗೆ ಹುಡುಗನ ಹೆಸರಿನ ಕಾರ್ಡು ಬಂತು. ಅದನ್ನು ತೋರಿಸಲೆಂದೇ ಸ್ಕೂಟರಿನಲ್ಲಿ ಬಂದು, ರಾತ್ರಿ ಮೇಷ್ಟ್ರ ಮನೆಯಲ್ಲೇ ಉಳಿದ. ಮೇಷ್ಟ್ರು ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿ, ಎಲ್ಲೂ ತಮ್ಮ ಹೆಸರಿಲ್ಲವೆಂದು ಖಾತ್ರಿಯಾದ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು.

ಬೆಳಗ್ಗೆ ಜಿಟಿಜಿಟಿ ಮಳೆ. ಹುಡುಗ ಹೆಲ್ಮೆಟ್ ಹಾಕಿಕೊಂಡು ಕಿಕ್ ಹೊಡೆದ, ಮತ್ತೆ ಹೊಡೆದ, ಹತ್ತು ಸಲ ಹೊಡೆದ. ಚೇತಕ್ ಜಪ್ಪಯ್ಯ ಅನ್ನಲಿಲ್ಲ. "ಬೆಂಗಳೂರಲ್ಲಿ ಸರಿಯಾಗೇ ಸ್ಟಾರ್ಟ್ ಆಗ್ತಿತ್ತು ಸಾರ್" ಎಂದು ಗೇಟಿನಿಂದ ಕೂಗಿದ.

"ಹೋಗಿ ತೋರಿಸ್ಕೊಡ್ರೀ" ಅಂದರು ಹೆಂಡತಿ.

"ಫಾರಂ ಮೂವತ್ತರಲ್ಲಿ ಇದಕ್ಕೆ ಕಾಲಂ ಇರ್ಲಿಲ್ಲ ನೋಡು" ಎನ್ನುತ್ತ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ, ಚಪ್ಪಲಿ ಮೆಟ್ಟಿದರು.