ಯಾವ ಘಾಟಿ ಮಾರಾಯ್ರೆ?

ಉಡುಪಿಯಿಂದ ಬೆಂಗಳೂರಿಗೆ ಎಷ್ಟು ದೂರ ಎಂದು ಕೇಳಿದರೆ ನಮ್ಮ ಕಡೆಯವರು ಕಿಲೋಮೀಟರಿನಲ್ಲಿ ಉತ್ತರ ಕೊಡುವುದಿಲ್ಲ. ‘ಯಾವ ಘಾಟಿಯಲ್ಲಿ ಹೋಗ್ತೀರಿ ಮಾರಾಯ್ರೆ?’ ಎಂದು ತಿರುಗಿ ಕೇಳುತ್ತಾರೆ. ಹೆಚ್ಚು ಕಡಿಮೆ ನಾನೂರು ಕಿಲೋಮೀಟರು ಎಂಬುದು ಎಲ್ಲರಿಗೂ ಗೊತ್ತು, ಅದರಲ್ಲಿ ಜಗಳಕ್ಕೆ ಆಸ್ಪದವಿಲ್ಲ. ಆಸ್ಪದ ಇರುವುದು ಅಡ್ಡಕ್ಕೆ ಮಲಗಿರುವ ಸಹ್ಯಾದ್ರಿಯನ್ನು ಎಲ್ಲಿ ಹತ್ತಬೇಕು ಎಂಬಲ್ಲಿ. ಆಗುಂಬೆ, ಶಿರಾಡಿ, ಚಾರ್ಮಾಡಿ, ಸಂಪಾಜೆ, ಮಾಳ, ಹುಲಿಕಲ್, ಬಿಸಿಲೆ ಎಂದು ಹೆಸರು ಹೇಳುತ್ತಾ ಹೋದರೆ ಊಟದ ಹೊತ್ತಾಗುತ್ತದೆ. ನಮ್ಮ ಮನೆಯಲ್ಲಂತೂ ಊಟ ಮುಗಿದು ಎಲೆ ಅಡಿಕೆ ಹಾಕಿಕೊಂಡ ಮೇಲೂ ಮುಗಿಯುವುದಿಲ್ಲ.

ಈ ಸಲದ ನೆಪ ಅಕ್ಕನ ಮಗನ ಮನೆ ಒಕ್ಕಲು. ಶ್ರಾವಣದಲ್ಲಿ ಮುಹೂರ್ತ. ಆಷಾಢದಲ್ಲಿ ಒಕ್ಕಲು ಇಟ್ಟುಕೊಳ್ಳುವಂತಿಲ್ಲ, ಶ್ರಾವಣದಲ್ಲಿ ಮಳೆ ಬಿಡುವಂತಿಲ್ಲ. ಪಂಚಾಂಗ ಬರೆಯುವವರು ಘಾಟಿಯ ಕೆಳಗಿನವರನ್ನು ಒಮ್ಮೆ ಕೇಳಿ ಬರೆಯಬಾರದೇ ಎಂದು ನನಗೆ ಆಗಾಗ ಅನಿಸುವುದುಂಟು.

ದೊಡ್ಡಪ್ಪ ಆಗುಂಬೆಯ ಪಕ್ಷ. ಹೆಬ್ರಿ, ಸೋಮೇಶ್ವರ, ಆಗುಂಬೆ, ತೀರ್ಥಹಳ್ಳಿ, ಶಿವಮೊಗ್ಗ: ಈ ಹೆಸರುಗಳನ್ನು ಅವರು ಸಂಧ್ಯಾವಂದನೆಯ ಮಂತ್ರದ ಹಾಗೆ ತಡವರಿಸದೆ ಒಪ್ಪಿಸುತ್ತಾರೆ. ಹದಿನಾಲ್ಕು ತಿರುವುಗಳಲ್ಲಿ ದೊಡ್ಡ ಬಸ್ಸು ತಿರುಗುವುದಿಲ್ಲವೆಂದು ಸೋಮೇಶ್ವರದಲ್ಲಿ ಇಳಿದು ಸಣ್ಣ ಬಸ್ಸಿಗೆ ಹತ್ತಿದ್ದು, ಟ್ರಂಕು ಯಾರದೋ ಮಡಿಲಲ್ಲಿ, ತಾನು ಯಾರದೋ ಟ್ರಂಕಿನ ಮೇಲೆ ಕೂತದ್ದು, ಮೇಲೆ ತಲುಪಿದಾಗ ಮಂಜಿನಲ್ಲಿ ಅಂಗಡಿ ಕಾಣದೆ ವಾಸನೆ ಹಿಡಿದು ಚಹಾ ಹುಡುಕಿದ್ದು, ಎಲ್ಲ ಬರುತ್ತದೆ. ಅವರ ಮೊದಲ ನೌಕರಿ ಶಿವಮೊಗ್ಗದಲ್ಲಿ. ಇಪ್ಪತ್ತರ ಹರೆಯದಲ್ಲಿ ಹತ್ತಿದ ಘಾಟಿಗಿಂತ ಒಳ್ಳೆಯ ಘಾಟಿ ಇನ್ನೊಂದಿದೆ ಎಂದು ಯಾವ ಮನುಷ್ಯನನ್ನೂ ನಂಬಿಸಲು ಸಾಧ್ಯವಿಲ್ಲ.

ಭಾವನದು ಶಿರಾಡಿ. ಮಂಗಳೂರಿನಲ್ಲಿ ವ್ಯಾಪಾರ, ಲಾರಿಯವರ ಒಡನಾಟ, ಮಾತೆಲ್ಲ ಗಂಟೆಯ ಲೆಕ್ಕದಲ್ಲಿ. ಹೆದ್ದಾರಿ 75 ಹಿಡಿದರೆ ಉಪ್ಪಿನಂಗಡಿ, ಗುಂಡ್ಯ, ಸಕಲೇಶಪುರ, ಹಾಸನ, ನೆಟ್ಟಗೆ ಬೆಂಗಳೂರು. ‘ಕಾಂಕ್ರೀಟ್ ರಸ್ತೆ, ದೊಡ್ಡಪ್ಪ, ಕಾಂಕ್ರೀಟ್!’ ಎನ್ನುವಾಗ ಅದನ್ನು ತಾನೇ ನಿಂತು ಹಾಕಿಸಿದ ಹೆಮ್ಮೆ. ಆ ಕಾಂಕ್ರೀಟಿಗಾಗಿ 2015ರಲ್ಲಿ ಒಮ್ಮೆ, 2018ರಲ್ಲಿ ಇನ್ನೊಮ್ಮೆ ತಿಂಗಳುಗಟ್ಟಲೆ ಘಾಟಿ ಮುಚ್ಚಿದ್ದರು. 2018ರಲ್ಲಿ ತೆರೆದ ಮರುತಿಂಗಳೇ ಮಳೆ ಬಂದು ಗುಡ್ಡ ಜರಿದು ಮತ್ತೆ ಮುಚ್ಚಿತು. ದೊಡ್ಡಪ್ಪ ಇಸವಿಗಳನ್ನು ನೆನಪಿಟ್ಟುಕೊಂಡಿರುವುದೇ ಈ ಉಪಯೋಗಕ್ಕೆ. ‘2024ರ ಜುಲೈಯಲ್ಲಿ ಸಕಲೇಶಪುರದ ಹತ್ತಿರ ಏನಾಯ್ತು?’ ಎಂದು ಮೆಲ್ಲಗೆ ಕೇಳುತ್ತಾರೆ. ಭಾವ ಸುಮ್ಮನಿರುವ ಪೈಕಿಯಲ್ಲ. ಆಗುಂಬೆಯಲ್ಲಿ ಘನ ವಾಹನ ಬಿಡುವುದೇ ಇಲ್ಲವಲ್ಲ ಎನ್ನುತ್ತಾನೆ. ನಾವು ಹೋಗುವುದು ಕಾರಿನಲ್ಲಿ ಎಂಬುದು ಇಬ್ಬರಿಗೂ ಅಡ್ಡಿಯಾಗುವುದಿಲ್ಲ.

ಚಿಕ್ಕಮ್ಮ ಚಾರ್ಮಾಡಿಯ ಗುಣಗಾನ ಶುರು ಮಾಡಿದರೆ ಆ ಘಾಟಿಯ ಬುಡದಲ್ಲಿ ಉಜಿರೆ ಇದೆ, ಉಜಿರೆಯಲ್ಲಿ ಅವಳ ತವರಿದೆ ಎಂದು ಎಲ್ಲರಿಗೂ ತಿಳಿಯುತ್ತದೆ. ಅವಳು ಮಾತ್ರ ತವರಿನ ಹೆಸರೆತ್ತುವುದಿಲ್ಲ. ಕೊಟ್ಟಿಗೆಹಾರದ ನೀರುದೋಸೆ ಎನ್ನುತ್ತಾಳೆ, ದಾರಿಯಲ್ಲಿ ಬೇಲೂರು ಸಿಗುತ್ತದೆ ಎನ್ನುತ್ತಾಳೆ. ದಿನವೂ ನೀರುದೋಸೆ ತಿನ್ನುವವರು ಘಟ್ಟ ಹತ್ತಿ ನೀರುದೋಸೆಯನ್ನೇ ಯಾಕೆ ತಿನ್ನಬೇಕು ಎಂದು ಕೇಳುವ ಧೈರ್ಯ ಚಿಕ್ಕಪ್ಪನಿಗೂ ಇಲ್ಲ.

ತಿಂಡಿಯ ಮಾತು ಬಂತೆಂದರೆ ಭೂಪಟ ಇನ್ನೊಂದು ಬಗೆಯಾಗುತ್ತದೆ. ಆಗುಂಬೆ ಹಿಡಿದರೆ ತುಮಕೂರಿನಲ್ಲಿ ಕ್ಯಾತ್ಸಂದ್ರದ ತಟ್ಟೆ ಇಡ್ಲಿ. ಸಂಪಾಜೆ ಹತ್ತಿ ಮಡಿಕೇರಿ, ಮೈಸೂರು ಮೇಲೆ ಹೋದರೆ ಮದ್ದೂರು ವಡೆ ಎಂದು ಯಾರೋ ಆಸೆ ಹುಟ್ಟಿಸಿದರು. ಆದರೆ 2023ರಲ್ಲಿ ಹೊಸ ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಕಾರುಗಳು ಮದ್ದೂರನ್ನು ಪಕ್ಕಕ್ಕೆ ಬಿಟ್ಟು ಓಡುತ್ತವೆ. ಊರು ತಪ್ಪಿಸುವ ರಸ್ತೆಗಳು ಮೊದಲು ತಪ್ಪಿಸುವುದು ತಿಂಡಿಯನ್ನೇ. ಬೇಗ ತಲುಪಿ ಹಸಿದುಕೊಂಡಿರುವುದಕ್ಕೆ ಟೋಲ್ ಬೇರೆ ಕೊಡಬೇಕು.

ನನ್ನದೂ ಒಂದು ಘಾಟಿ ಉಂಟು, ಯಾರೂ ಕೇಳಲಿಲ್ಲ. ಕಾರ್ಕಳ ದಾಟಿ ಬಜಗೋಳಿ, ಮಾಳದ ಮೇಲೆ ಕುದುರೆಮುಖಕ್ಕೆ ಏರುವ ದಾರಿ. ಕಣಿವೆಯಲ್ಲಿ ಶೋಲಾ ಕಾಡು, ನೆತ್ತಿಯಲ್ಲಿ ಬರೀ ಹುಲ್ಲು. ಶ್ರಾವಣದಲ್ಲಿ ಆ ಹಸಿರನ್ನು ನೋಡಿದವರು ಬೆಂಗಳೂರಿಗೆ ಹೋಗಿಯೇ ತೀರಬೇಕೆಂದು ಹಟ ಹಿಡಿಯುವುದಿಲ್ಲ. ಬಹುಶಃ ಅದಕ್ಕೇ ಯಾರೂ ಕೇಳಲಿಲ್ಲ. ತಂಗಿಯ ಮಗನ ಮೊಬೈಲು ಬಿಸಿಲೆಯ ಕಡೆಗೂ ಒಮ್ಮೆ ಬೆರಳು ತೋರಿಸಿತು. ಬಿಸಿಲೆ ದಾಟಿ ಸಕಲೇಶಪುರದ ಕಡೆ ಹೋಗುವಾಗ ಮಂಕನಹಳ್ಳಿಯ ಬಳಿ ಒಂದು ಕಲ್ಲಿದೆ. ಅದರ ಒಂದು ಮಗ್ಗುಲಿಗೆ ಬಿದ್ದ ಮಳೆ ಅರಬ್ಬಿ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿನದು ಬಂಗಾಳ ಕೊಲ್ಲಿಗೆ. ಹನಿ ಬಿದ್ದ ಕೂಡಲೇ ದಾರಿ ತೀರ್ಮಾನ. ನಮ್ಮ ಮನೆಯವರಾಗಿದ್ದರೆ ಕಲ್ಲಿನ ಮೇಲೆಯೇ ಕೂತು ಚರ್ಚಿಸಿ ಆವಿಯಾಗಿ ಹೋಗುತ್ತಿದ್ದರು.

ಸಾಮಾನಿನ ಪಟ್ಟಿಯಲ್ಲಿ ಮಾತ್ರ ಭಿನ್ನಮತ ಕಡಿಮೆ. ಕುಚ್ಚಲಕ್ಕಿ, ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿ, ಪೂಜೆಗೆ ಹಿಂಗಾರ, ಮತ್ತೆ ಡಿಕ್ಕಿ ತುಂಬುವಷ್ಟು ತೆಂಗಿನಕಾಯಿ. ಆಗುಂಬೆಯ ದಾರಿ ಅರಸೀಕೆರೆ, ತಿಪಟೂರಿನ ಮೇಲೆ ಹೋಗುತ್ತದೆ. ಕೊಬ್ಬರಿಗೆ ಹೆಸರಾದ ಊರಿನ ನಡುವೆ, ಎರಡೂ ಬದಿ ತೆಂಗಿನ ತೋಟ ನೋಡುತ್ತಾ, ಹಿಂದೆ ಗಡಗಡ ಉರುಳುವ ನಮ್ಮ ಕಾಯಿಗಳನ್ನು ಹೊತ್ತು ಸಾಗುವುದರಲ್ಲಿ ಯಾರಿಗೂ ವಿಚಿತ್ರ ಕಾಣಲಿಲ್ಲ. ‘ಆ ಕಾಯಿಗೆ ನಮ್ಮ ಕಾಯಿಯ ರುಚಿ ಇಲ್ಲ’ ಎಂದು ಅತ್ತೆ ತೀರ್ಪು ಕೊಟ್ಟರು. ಎರಡೂ ಪಕ್ಷ ಒಪ್ಪಿದ್ದು ಆ ದಿನ ಅದೊಂದನ್ನೇ.

ಅದೇ ಅತ್ತೆ ಅಷ್ಟು ಹೊತ್ತೂ ಬತ್ತಿ ಹೊಸೆಯುತ್ತಾ ಕೂತಿದ್ದವರು ಕೇಳಿದರು: ‘ದಾರಿಯಲ್ಲಿ ಹೆಂಗಸರಿಗೆ ಹೋಗಲಿಕ್ಕೆ ಎಲ್ಲಿ ಉಂಟು?’ ಜಗುಲಿಯ ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತಿರುವುಗಳ ಲೆಕ್ಕ ಅವರಿಗೆ ಬಾಯಿಪಾಠ, ಇದರ ಲೆಕ್ಕ ಯಾರೂ ಇಟ್ಟಿರಲಿಲ್ಲ. ಹೆಂಗಸರು ಹೊರಡುವ ದಿನ ಬೆಳಗ್ಗಿನಿಂದ ನೀರು ಕುಡಿಯದೆ ಕಾರು ಹತ್ತುವುದು ಯಾಕೆ ಎಂದು ಯೋಚಿಸಿದವರೂ ಇರಲಿಲ್ಲ. ಚಿಕ್ಕಮ್ಮ, ಅಕ್ಕ, ಅತ್ತೆ ಮೂವರೂ ಸೇರಿ ಯಾವ ಊರಿನ ಯಾವ ಹೋಟೆಲಿನಲ್ಲಿ ಬಾಗಿಲಿಗೆ ಚಿಲಕ ಇದೆ, ಎಲ್ಲಿ ನೀರು ಬರುತ್ತದೆ, ಎಲ್ಲಿ ಕಾಫಿ ಕುಡಿಯದೆ ಒಳಗೆ ಬಿಡುವುದಿಲ್ಲ ಎಂದು ಹೇಳತೊಡಗಿದಾಗ, ಇಷ್ಟು ಹೊತ್ತು ನಡೆದದ್ದು ಬರೀ ಭಾಷಣ, ದಾರಿಯ ವಿಚಾರ ಈಗಷ್ಟೇ ಶುರುವಾಯಿತು ಎಂಬುದು ನನಗೆ ಖಾತ್ರಿಯಾಯಿತು. ಹಾಸನದ ಕಡೆ ಪರವಾಗಿಲ್ಲ ಎಂಬ ಒಂದೇ ಕಾರಣಕ್ಕೆ ಶಿರಾಡಿ ಗೆದ್ದಿತು. ಭಾವ ಅದನ್ನು ಕಾಂಕ್ರೀಟಿನ ಗೆಲುವೆಂದೇ ತಿಳಿದ.

ಸಂಜೆ ಬೆಂಗಳೂರಿನ ಹುಡುಗ ಫೋನ್ ಮಾಡಿದ. ‘ಯಾವ ಘಾಟಿಯಲ್ಲಾದರೂ ಬನ್ನಿ ಮಾಮ. ಹಾಸನದಿಂದ ಬಂದರೂ ತುಮಕೂರಿನಿಂದ ಬಂದರೂ ಕೊನೆಗೆ ಸೇರುವುದು ನೆಲಮಂಗಲದಲ್ಲೇ. ಅಲ್ಲಿ ತಲುಪಿದ ಮೇಲೆ ಫೋನ್ ಮಾಡಿ, ಮತ್ತೆ ಎರಡು ಗಂಟೆ ಬೇಕು.’

‘ಎರಡು ಗಂಟೆಯಾ? ನಿನ್ನ ಮನೆ ಇರುವುದು ಎಲ್ಲಿ?’ ಎಂದು ಅತ್ತೆ ಕೇಳಿದರು. ಹೌದಲ್ಲ, ಅದನ್ನು ಈವರೆಗೆ ಯಾರೂ ಕೇಳಿರಲಿಲ್ಲ.

‘ಸರ್ಜಾಪುರದ ಕಡೆ.’

ಭಾವ ಕೂಡಲೇ, ಹಾಗಾದರೆ ಸಂಪಾಜೆ ಹತ್ತಿ ಮೈಸೂರಿನ ಮೇಲೆ ಹೋಗುವುದೇ ಸೈ ಎಂದು ತನ್ನ ಶಿರಾಡಿಯನ್ನು ನಿರ್ದಾಕ್ಷಿಣ್ಯವಾಗಿ ಕೈಬಿಟ್ಟ. ಚಿಕ್ಕಮ್ಮ, ಅಂದರೆ ಉಜಿರೆಯ ವಿಷಯ ಇನ್ನೂ ಬಾಕಿ ಉಂಟು ಎಂದು ಕುರ್ಚಿ ಮುಂದಕ್ಕೆ ಎಳೆದುಕೊಂಡಳು. ದೊಡ್ಡಪ್ಪ ಕನ್ನಡಕ ಹಾಕಿಕೊಂಡು ಪಂಚಾಂಗದ ಹಿಂದಿನ ಖಾಲಿ ಪುಟ ತೆರೆದರು.

‘ಆಗುಂಬೆಯಿಂದ ಸರ್ಜಾಪುರಕ್ಕೆ ಎಷ್ಟಾಗ್ತದೆ, ನೋಡು.’