ಮಾವನ ಜಾಕಿ

ಭದ್ರಾವತಿಯವರ ಮುಂದೆ ಕಬ್ಬಿಣದ ಮಾತೆತ್ತಬಾರದು. 1918ರಲ್ಲಿ ಶುರುವಾಗಿ 1923ರಿಂದ ಕಬ್ಬಿಣ ಕರಗಿಸಿದ ಕಾರ್ಖಾನೆಯ ಊರದು. ಸೌಟು ಬಿದ್ದ ಸದ್ದಿಗೇ ಉಕ್ಕಿನ ಜಾತಕ ಹೇಳುವವರು ಅಲ್ಲಿ ಬೀದಿಗೊಬ್ಬರಿದ್ದಾರೆ. ನನ್ನ ಸೋದರಮಾವ ಅಂಥವರು, ಫಿಟ್ಟರಾಗಿ ರಿಟೈರಾದವರು. ಶಿವಮೊಗ್ಗದ ನಾವೆಲ್ಲ ಅವರ ಲೆಕ್ಕದಲ್ಲಿ ತುಂಗೆಯ ನೀರು ಕುಡಿದು ಮೆತ್ತಗಾದ ಜನ.

ಕಾರಿನ ಜೊತೆ ಬರುವ ಸ್ಕ್ರೂ ಜಾಕಿ ಮಾವನಿಗೆ ಆಟದ ಸಾಮಾನು. ಅವರು ಕಾರು ಹತ್ತುವ ಮೊದಲು ಅವರ ಸ್ವಂತ ಹೈಡ್ರಾಲಿಕ್ ಜಾಕಿ ಡಿಕ್ಕಿ ಸೇರಿರಬೇಕು. ಹೀಗಾಗಿ, ಅವರನ್ನು ಊರಿಗೆ ಬಿಡಲು ಹೊರಟಾಗ ಮಾಚೇನಹಳ್ಳಿ ಹತ್ತಿರ ಟೈರು ಪಂಕ್ಚರಾದದ್ದೇ ತಡ, ಅವರ ಮುಖ ಅರಳಿತು.

“ಹ್ಯಾಂಡ್‌ಬ್ರೇಕ್ ಎಳಿ. ಗಾಲಿಗೆ ಕಲ್ಲು ಕೊಡು. ನಟ್ಟು ಈಗಲೇ ಸಡಿಲ ಮಾಡ್ಕೋ ಮಾರಾಯ, ಎತ್ತಿದ ಮೇಲೆ ಗಾಲಿ ಗರಗರ ತಿರುಗುತ್ತೆ.”

ಮಳೆ ನಿಂತು ಗಂಟೆಯಾಗಿರಲಿಲ್ಲ. ಮಲೆನಾಡಿನ ಕೆಸರಿನಲ್ಲಿ ಜಾಕಿ ಇಟ್ಟರೆ ಕಾರು ಮೇಲೇರುವ ಬದಲು ಜಾಕಿ ಕೆಳಗಿಳಿಯುತ್ತದೆ. ಅದಕ್ಕೂ ಮಾವ ಒಂದು ಹಲಗೆ ತಂದಿದ್ದರು. ನಾನು ಹಿಡಿ ಒತ್ತತೊಡಗಿದೆ, ಅವರು ಪಾಠ ಶುರುಮಾಡಿದರು.

ಜಾಕಿಯ ಹೊಟ್ಟೆಯಲ್ಲಿ ಎಣ್ಣೆ. ಎಣ್ಣೆ ಒತ್ತಿದರೆ ಕುಗ್ಗುವ ಪೈಕಿಯಲ್ಲ. ಒಂದು ಕಡೆ ಕೊಟ್ಟ ಒತ್ತಡವನ್ನು ಎಲ್ಲ ಕಡೆಗೂ ಹಾಗೇ ದಾಟಿಸಿಬಿಡುತ್ತದೆ. ಇದನ್ನು ಹದಿನೇಳನೇ ಶತಮಾನದಲ್ಲೇ ಪ್ಯಾಸ್ಕಲ್ ಎಂಬ ಫ್ರೆಂಚ್ ಪಂಡಿತ ಹೇಳಿಟ್ಟ. ಸಣ್ಣ ಪಿಸ್ಟನ್ 1 ಸೆಂಟಿಮೀಟರ್ ಅಗಲ, ದೊಡ್ಡದು 3 ಸೆಂಟಿಮೀಟರ್ ಎನ್ನಿ. ವಿಸ್ತೀರ್ಣ ಒಂಬತ್ತು ಪಟ್ಟು, ಬಲವೂ ಒಂಬತ್ತು ಪಟ್ಟು. ಹಿಡಿಯ ಸನ್ನೆ ಇನ್ನೊಂದು ಹತ್ತು ಪಟ್ಟು ಸೇರಿಸಿದರೆ ಒಟ್ಟು ತೊಂಬತ್ತು. ಆ ಗಾಲಿಯ ಮೇಲೆ 300 ಕೆಜಿ ಇದ್ದರೂ ನನ್ನ ಕೈಗೆ ಬರುವುದು ಮೂರೂ ಚಿಲ್ಲರೆ ಕೆಜಿ.

ಪುಕ್ಕಟೆ ಅಂದುಕೊಳ್ಳಬೇಡಿ. ಇದು ಕಂತಿನ ವ್ಯವಹಾರ. ಕೈ 18 ಸೆಂಟಿಮೀಟರ್ ಇಳಿದರೆ ಕಾರು ಏರುವುದು 2 ಮಿಲಿಮೀಟರ್. 10 ಸೆಂಟಿಮೀಟರ್ ಎತ್ತಬೇಕೆಂದರೆ ಐವತ್ತು ಸಲ ಒತ್ತಬೇಕು. ಕೈ ಒಟ್ಟು 9 ಮೀಟರ್ ಸವೆಸಬೇಕು. ಅಸಲು ಒಂದು ಪೈಸೆ ಬಿಡುವುದಿಲ್ಲ, ಘರ್ಷಣೆಯ ಬಡ್ಡಿ ಬೇರೆ. ನಡುವೆ ದಣಿದು ಹಿಡಿ ಬಿಟ್ಟರೂ ಕಾರು ಇಳಿಯದು: ಹಿಡಿ ಎತ್ತಿದಾಗ ಎಣ್ಣೆಯನ್ನು ಒಳಗೆ ಬಿಟ್ಟುಕೊಳ್ಳಲು ಒಂದು ವಾಲ್ವು, ಒತ್ತಿದ ಎಣ್ಣೆ ಹಿಂದಕ್ಕೆ ಬಾರದಂತೆ ತಡೆಯಲು ಇನ್ನೊಂದು.

ಪ್ಯಾಸ್ಕಲ್‌ನ ಈ ತತ್ವವನ್ನು ಯಂತ್ರವಾಗಿಸಿ 1795ರಲ್ಲಿ ಪೇಟೆಂಟ್ ಪಡೆದವನು ಇಂಗ್ಲೆಂಡಿನ ಜೋಸೆಫ್ ಬ್ರಾಮಾ. ಅದಕ್ಕೂ ಮೊದಲು ಕಮೋಡು ಸುಧಾರಿಸಿ, ಕಳ್ಳರಿಗೆ ಬಗ್ಗದ ಬೀಗ ಮಾಡಿ ಹೆಸರಾಗಿದ್ದ. ಆದರೆ ನೀರು ತುಂಬಿದ ಅವನ ಈ ಯಂತ್ರದಲ್ಲಿ ಒತ್ತಡ ಏರಿದಂತೆ ಪಿಸ್ಟನ್ನಿನ ಸಂದಿಯಿಂದ ನೀರು ಸೋರುತ್ತಿತ್ತು. ಒತ್ತಡ ಹೆಚ್ಚಿದಷ್ಟೂ ತಾನೇ ಬಿಗಿಯಾಗುವ ತೊಗಲಿನ ವಾಷರ್ ಹೊಳೆದದ್ದು ಅವನ ಕಾರ್ಖಾನೆಯ ಕೆಲಸಗಾರ ಹೆನ್ರಿ ಮಾಡ್ಸ್ಲೆಗಂತೆ. ಮಾವನಿಗೆ ಇಡೀ ಚರಿತ್ರೆಯಲ್ಲಿ ಮೆಚ್ಚಿಗೆಯಾದದ್ದು ಇದೊಂದೇ. “ನೋಡು, ಹೆಸರು ಓನರ್‌ಗೆ, ವಾಷರ್ ಫಿಟ್ಟರ್‌ದು!”

ಅವರ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಬಂದಾಗಿನಿಂದ ಮಾವನ ಮಾತೆಲ್ಲ ಅಲ್ಲಿಗೇ ಹೊರಳುತ್ತದೆ. “ಅದನ್ನ ಮೇಲೆತ್ತುತೀವಿ ಅಂತ ಬಂದೋರೆಲ್ಲ ಹಿಡಿ ಆಡಿಸಿದ್ದೇ ಆಡಿಸಿದ್ದು. ಒಳಗೆ ಎಣ್ಣೆ ಯಾರು ಹಾಕಿದ್ರು?”

ಅಷ್ಟರಲ್ಲಿ ನನ್ನ ಉಂಗುರ ಜಾರಿ ಕಾರಿನಡಿ ಉರುಳಿತು. ನಾನು ಬಗ್ಗುವ ಮೊದಲೇ ಕಾಲರ್ ಹಿಡಿದೆಳೆದರು. ವಾಷರ್ ಕೈಕೊಟ್ಟರೆ ಭಾರವೆಲ್ಲ ಬೆನ್ನ ಮೇಲೆ. ಗಟ್ಟಿ ಸ್ಟ್ಯಾಂಡು ಕೊಡದೆ ಬರೀ ಜಾಕಿ ನಂಬಿ ಅಡಿಗೆ ತೂರಬಾರದಂತೆ. ಉಂಗುರಕ್ಕೆ ಕೋಲು ಹುಡುಕಿದರು. ಸ್ಟೆಪ್ನಿ ಕೂತ ಮೇಲೆ ಬುಡದ ಸ್ಕ್ರೂ ಮೆಲ್ಲಗೆ ತಿರುಗಿಸಿದಾಗ ಎಣ್ಣೆ ತೊಟ್ಟಿಗೆ ಮರಳಿತು, ಕಾರು ನೆಲಕ್ಕೆ.

ಭದ್ರಾವತಿ ಮುಟ್ಟುವಾಗ ನನ್ನ ಅಂಗಿ ಒದ್ದೆ. ಅತ್ತೆ ತಟ್ಟೆಗೆ ಇನ್ನೊಂದು ಕಡುಬು ಹಾಕುತ್ತ, “ಪಾಪ, ಕಾರು ಎತ್ತಿ ಸುಸ್ತಾಗಿದೆ ಹುಡುಗ” ಎಂದರು.

“ಕಾರಲ್ಲ ಕಣೇ, ಅವನು ಎತ್ತಿದ್ದು ಬರೀ ಮೂರು ಕೆಜಿ,” ಎಂದರು ಮಾವ.

“ಅಷ್ಟೇ ಆಗಿದ್ರೆ ನೀವೇ ಎತ್ತಬಹುದಿತ್ತಲ್ಲ?”