ಗೆಡ್ಡೆ ಹಂಚುವವರ ಲೆಕ್ಕ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ, ಇವುಗಳಲ್ಲಿ ಯಾವ ಊರಿನ ಯಾವ ಬಡಾವಣೆಗೆ ಹೋದರೂ ಅಲ್ಲೊಬ್ಬ ಗೆಡ್ಡೆ ಮೇಷ್ಟ್ರು ಇರುತ್ತಾರೆ. ಶಾಲೆಯಿಂದಲೇ ನಿವೃತ್ತರಾಗಿರಬೇಕೆಂದಿಲ್ಲ, ಬ್ಯಾಂಕು, ಕೆಇಬಿ, ರೇಷ್ಮೆ ಇಲಾಖೆ ಯಾವುದಾದರೂ ಆದೀತು. ಗಂಡಸೇ ಆಗಿರಬೇಕೆಂದೂ ಇಲ್ಲ. ಗುರುತು ಹಿಡಿಯಲು ಕೈ ನೋಡಿದರೆ ಸಾಕು. ಉಗುರಿನ ಸಂದಿಯಲ್ಲಿ ಕೆಂಪು ಮಣ್ಣು, ಅಂಗೈಯಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಯ ಪೊಟ್ಟಣ. ಬಿಚ್ಚಿದರೆ ಒಳಗೆ ಗೆಡ್ಡೆ. ಈರುಳ್ಳಿಯಂತೆ ಕಂಡರೆ ಸುಗಂಧರಾಜವೋ ಅಮರಿಲ್ಲಿಸ್ಸೋ, ಚಪ್ಪಟೆಯಾಗಿ ನಾರಿನ ಸಿಪ್ಪೆ ಹೊದ್ದಿದ್ದರೆ ಗ್ಲಾಡಿಯೋಲಸ್ಸು, ಗೆಣಸಿನ ಗೊಂಚಲಿನಂತಿದ್ದರೆ ಡೇಲಿಯಾ. ಬಡಾವಣೆಯವರು ಇವರನ್ನು ಧಾರಾಳಿ ಅನ್ನುತ್ತಾರೆ. ಆ ಬಿರುದಿಗೆ ಎರಡು ತಿದ್ದುಪಡಿ ಬೇಕು ಎಂಬುದು ನನ್ನ ವಾದ. ಅವರು ಕೊಡುವುದು ಕೊಡದೆ ವಿಧಿಯಿಲ್ಲದ್ದಕ್ಕೆ. ಮತ್ತು ಕೊಟ್ಟದ್ದನ್ನು ತಮ್ಮ ಕೈಬಿಟ್ಟದ್ದೆಂದು ಅವರು ಎಂದೂ ಒಪ್ಪುವವರಲ್ಲ.

ಮೊದಲು ವಿಧಿಯಿಲ್ಲದ ಲೆಕ್ಕ. ಗ್ಲಾಡಿಯೋಲಸ್ ಹೂ ಬಿಟ್ಟು ಮುಗಿಸುವ ಹೊತ್ತಿಗೆ ನಾವು ನೆಟ್ಟ ಗೆಡ್ಡೆ ಸೊರಗಿ ಒಣ ಬಿಲ್ಲೆಯಾಗಿರುತ್ತದೆ. ಅದರ ನೆತ್ತಿಯ ಮೇಲೆ ಹೊಸ ಗೆಡ್ಡೆ ಒಂದೋ ಎರಡೋ ಕೂತಿರುತ್ತವೆ, ಸುತ್ತ ಬಟಾಣಿ ಕಾಳಿನಷ್ಟು ಮರಿಗಳು ಅಂಟಿಕೊಂಡಿರುತ್ತವೆ. ಮರಿಗಳನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ, ವರ್ಷಕ್ಕೆ ಒಂದು ಎರಡಾಗುತ್ತದೆ ಎಂದಷ್ಟೇ ಹಿಡಿದರೂ ಐದನೆಯ ವರ್ಷಕ್ಕೆ 32, ಹತ್ತನೆಯ ವರ್ಷಕ್ಕೆ 1,024. ಸುಗಂಧರಾಜದ್ದು ಇನ್ನೊಂದು ಪರಿ. ಒಮ್ಮೆ ಹೂಗೊಂಚಲು ಕೊಟ್ಟ ಗೆಡ್ಡೆ ಮತ್ತೆ ಕೊಡುವುದಿಲ್ಲ, ಮುಂದಿನದು ಮರಿಗಳ ಪಾಲು. ಎರಡು ಮೂರು ವರ್ಷ ಕೀಳದೆ ಬಿಟ್ಟರೆ ಬುಡವೆಲ್ಲ ಘಾಟಿ ಜಾತ್ರೆಯ ಬಸ್ಸಾಗಿ, ಎಲೆ ಹುಲುಸಾಗಿ ಹೂ ಬಡಕಲಾಗುತ್ತದೆ. ಅಂದ ಮೇಲೆ ಕೀಳಬೇಕು, ಬಿಡಿಸಬೇಕು, ನೆರಳಲ್ಲಿ ಆರಿಸಬೇಕು, ಮತ್ತೆ ನೆಡಬೇಕು. ಎಲ್ಲಿ? ನಮ್ಮ ಕಡೆಯ ಸೈಟು ಸಾಮಾನ್ಯವಾಗಿ ಮೂವತ್ತು ನಲವತ್ತು, ಅಂದರೆ 1,200 ಚದರಡಿ. ಮನೆ, ಸಂಪು, ಸ್ಕೂಟರು, ತುಳಸಿಕಟ್ಟೆ ಕಳೆದು ಉಳಿಯುವುದು ಕಾಂಪೌಂಡಿನ ಉದ್ದಕ್ಕೂ ಎರಡಡಿಯ ಪಟ್ಟಿ. ಗೆಡ್ಡೆಗೆ ಈ ಅಳತೆ ತಿಳಿಯದು. ಮೇಷ್ಟ್ರಿಗೆ ತಿಳಿಯುತ್ತದೆ, ಗೋಡೆಯಾಚೆ ನಮ್ಮ ಮನೆ ಇರುವುದೂ ತಿಳಿದಿದೆ.

ಹೆಚ್ಚಾದದ್ದನ್ನು ತಿಪ್ಪೆಗೆ ಎಸೆಯಬಹುದಲ್ಲ ಎನ್ನುವವರಿದ್ದಾರೆ. ಅವರು ಕ್ಯಾನಾ ಗೆಡ್ಡೆಯನ್ನು ತಿಪ್ಪೆಗೆ ಎಸೆದು ನೋಡಿದವರಲ್ಲ. ಆರೈಕೆ ಮಾಡಿದ ಮಡಿಯಲ್ಲಿ ಮುನಿಸಿಕೊಂಡು ಕೂತಿದ್ದದ್ದು ತಿಪ್ಪೆಯಲ್ಲಿ ಆಳೆತ್ತರ ಬೆಳೆಯುತ್ತದೆ, ಎಸೆದವರಿಗೆ ನಾಚಿಕೆಯಾಗುವಂತೆ ಹೂ ಬಿಡುತ್ತದೆ. ಮಾರಬಹುದಲ್ಲ ಎಂಬುದು ಇನ್ನೊಂದು ಆಕ್ಷೇಪ, ಇದು ತುಸು ಗಟ್ಟಿಯದು. 1967ರಲ್ಲಿ ಸ್ಥಾಪನೆಯಾದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಪಕ್ಕದ ಹೆಸರಘಟ್ಟದಲ್ಲೇ ಇದೆ. ಸುಗಂಧರಾಜದ ಪ್ರಜ್ವಲ್, ಸುವಾಸಿನಿ ತಳಿಗಳು ಹುಟ್ಟಿದ್ದು ಅಲ್ಲಿ. ಅವನ್ನು ಬೆಳೆಯುವ ರೈತರು ತಳಿ ಕೇಳಿ, ಗಾತ್ರ ನೋಡಿ ಗೆಡ್ಡೆ ಕೊಳ್ಳುತ್ತಾರೆ. ಮೇಷ್ಟ್ರ ಹತ್ತಿರ ಇರುವ ತಳಿಗಳು ಬೇರೆ: 'ಬ್ಯಾಂಕ್ ಮೇಡಂ ಬಿಳಿ', 'ಘಾಟಿ ರಸ್ತೆ ಕೆಂಪು', 'ಹಳೇ ಓನರ್ ಹಳದಿ'. ಇವಕ್ಕೆ ಯಾವ ಮಂಡಿಯಲ್ಲೂ ದರವಿಲ್ಲ. ಅದಕ್ಕಿಂತ ಮುಖ್ಯ, ಮಾರಿದ ವಸ್ತುವಿನ ಯೋಗಕ್ಷೇಮ ವಿಚಾರಿಸುವ ಹಕ್ಕು ಮಾರಿದವರಿಗೆ ಇರುವುದಿಲ್ಲ, ಮತ್ತು ಆ ಹಕ್ಕು ಬಿಟ್ಟುಕೊಡಲು ಇವರು ತಯಾರಿಲ್ಲ. ಎಲ್ಲ ಗೆಡ್ಡೆಯನ್ನೂ ಒಡೆಯಲೇಬೇಕೇ ಎಂದೂ ಕೇಳಬಹುದು. ಬೇಕಿಲ್ಲ. ಅಮರಿಲ್ಲಿಸ್ಸು ಇಕ್ಕಟ್ಟಾದ ಕುಂಡದಲ್ಲೂ ಸುಖವಾಗಿ ಹೂ ಬಿಡುತ್ತದೆ, ಮಳೆ ಲಿಲ್ಲಿಗಂತೂ ಗುಂಪೇ ಚಂದ. ಇದು ಮೇಷ್ಟ್ರಿಗೆ ಚೆನ್ನಾಗಿ ಗೊತ್ತು, ಆದರೂ ಅವನ್ನೂ ಒಡೆದು ತರುತ್ತಾರೆ. ಇಲ್ಲಿ ನನ್ನ 'ವಿಧಿಯಿಲ್ಲ' ಎಂಬ ವಾದ ಸ್ವಲ್ಪ ಕುಂಟುತ್ತದೆ ಎಂದು ಒಪ್ಪುತ್ತೇನೆ, ಚಟವೂ ಸೇರಿಕೊಂಡಿದೆ.

ಹಕ್ಕಿನ ಮಾತಿಗೆ ಬಂದರೆ ಫುಟ್‌ಬಾಲ್ ಲಿಲ್ಲಿಯನ್ನೇ ಸಾಕ್ಷಿಗೆ ಕರೆಯಬೇಕು. ಆಫ್ರಿಕಾ ಮೂಲದ ಈ ಗೆಡ್ಡೆ ವರ್ಷಕ್ಕೊಮ್ಮೆ, ಬೇಸಿಗೆಯ ಮೊದಲ ಮಳೆಗಳ ಹಿಂದೆಯೇ, ಒಂದು ಕೆಂಪು ಚೆಂಡನ್ನು ಮೇಲೆತ್ತುತ್ತದೆ. ಆಮೇಲೆ ಎಲೆ, ಚಳಿ ಬಂದಾಗ ಎಲೆಯೂ ಹಳದಿಯಾಗಿ ಮಲಗುತ್ತದೆ. ನಂತರ ತಿಂಗಳುಗಟ್ಟಲೆ ಕುಂಡದಲ್ಲಿ ಮಣ್ಣು ಬಿಟ್ಟರೆ ಏನೂ ಇರುವುದಿಲ್ಲ. ಮೇಷ್ಟ್ರು ಗೆಡ್ಡೆ ಕೊಡುವುದು ಫೆಬ್ರವರಿಯಲ್ಲಿ, ವಿಚಾರಣೆ ಶುರುವಾಗುವುದು ಹದಿನೈದನೆಯ ದಿನ. ಗೇಟಿನಾಚೆ ನಿಂತು, ಮಾತಾಡುತ್ತಿರುವವರ ಭುಜದ ಮೇಲಿಂದ ಕುಂಡದ ಸಾಲಿನತ್ತ ಕಣ್ಣು ಹಾಯಿಸುತ್ತಾ, "ಏನಮ್ಮಾ, ಕಣ್ ಬಿಡ್ತಾ?" ಇನ್ನೂ ಇಲ್ಲ ಸಾರ್ ಎಂದರೆ, "ನೀರು ಜಾಸ್ತಿ ಆಗಿರ್ಬೇಕು." ಮುಂದಿನ ವಾರ, "ನೀರೇ ಹಾಕಿಲ್ವಲ್ಲಮ್ಮಾ." ಮೂರನೆಯ ಸಲ ಅಪ್ಪಣೆಗೆ ಕಾಯದೆ ಕುಂಡಕ್ಕೆ ಬೆರಳಿಟ್ಟು ಕೆದಕುತ್ತಾರೆ. ಖಾಲಿ ಮಣ್ಣೆಂದು ಅಲ್ಲಿ ಯಾರೋ ಚೆಲ್ಲಿದ್ದ ಕೊತ್ತಂಬರಿ ಆ ಬೆರಳಿಗೆ ಬುಡಸಮೇತ ಬರುತ್ತದೆ. ಇಲಿ ತಿಂದುಹೋಯಿತು ಎಂದು ಸುಳ್ಳು ಹೇಳಿ ತಪ್ಪಿಸಿಕೊಳ್ಳಬಹುದೇ? ಸಾಧ್ಯವಿಲ್ಲ, ಎರಡು ಕಾರಣಕ್ಕೆ. ಒಂದು, ಈ ಗೆಡ್ಡೆ ವಿಷದ್ದು. "ಇದನ್ನ ಇಲಿ ಮೂಸಿ ಕೂಡ ನೋಡಲ್ಲ" ಎಂದು ಮೇಷ್ಟ್ರು ಅಲ್ಲೇ ಹಿಡಿದುಹಾಕುತ್ತಾರೆ. ಎರಡು, ನಂಬಿದರೆಂದೇ ಇಟ್ಟುಕೊಳ್ಳಿ, ಮಾರನೆಯ ದಿನ ಇನ್ನೊಂದು ಪೊಟ್ಟಣ ಬರುತ್ತದೆ. ಈ ವಿವರಣೆ ಬೇಕಾದ್ದಕ್ಕಿಂತ ಉದ್ದವಾಯಿತು ಎಂದು ಓದುಗರಿಗೆ ಅನ್ನಿಸಿದ್ದರೆ, ಕಾರಣ ಕೇಳದಿರುವುದು ಸೌಜನ್ಯ. ಆದರೆ ನ್ಯಾಯ ಹೇಳುವುದಾದರೆ ಹೇಳಿಬಿಡಬೇಕು: ಮನೆ ಕುಂಡಗಳಲ್ಲಿ ಗೆಡ್ಡೆ ಸಾಯುವುದು ಹೆಚ್ಚಾಗಿ ಅದು ನಿದ್ದೆಯಲ್ಲಿದ್ದಾಗ ನಾವು ಹಾಕುವ ನೀರಿನಿಂದ. ಮಲಗಿದ್ದಕ್ಕೂ ಸತ್ತದ್ದಕ್ಕೂ ವ್ಯತ್ಯಾಸ ತಿಳಿಯದ ನಮ್ಮಂಥವರ ಕೈಗೆ ಕೊಟ್ಟ ಮೇಲೆ ಅವರು ಗೇಟಿಗೆ ಬಂದು ನಿಲ್ಲುವುದು ತೀರಾ ಅಕಾರಣವಲ್ಲ.

ಉಳಿದ ಲಕ್ಷಣಗಳನ್ನು ಬೇಗ ಮುಗಿಸಬಹುದು. ಸುವರ್ಣಗೆಡ್ಡೆಯಿಂದ ಈರುಳ್ಳಿಯವರೆಗೆ ಎಲ್ಲವನ್ನೂ ಗೆಡ್ಡೆ ಎಂದೇ ಕರೆದು ನೆಮ್ಮದಿಯಾಗಿರುವ ನಾಡಿನಲ್ಲಿ ಅವರೊಬ್ಬರು "ಅದು ಬಲ್ಬು, ಇದು ಕಾರ್ಮು" ಎಂದು ತಿದ್ದುತ್ತಾರೆ. ಕೊಯ್ದಾಗ ಪದರ ಕಂಡರೆ ಬಲ್ಬು, ಒಳಗೆ ಗಟ್ಟಿಯಾಗಿದ್ದರೆ ಕಾರ್ಮು, ಇಷ್ಟೇ ವಿಷಯ. ಶ್ರೀನಗರದ ತೋಟದ ಚಿತ್ರ ನೋಡಿ ಒಮ್ಮೆಯಾದರೂ ಟ್ಯುಲಿಪ್ ತರಿಸಿ, ಮೂರು ತಿಂಗಳು ಫ್ರಿಜ್ಜಿನಲ್ಲಿ ಮೊಟ್ಟೆಯ ಪಕ್ಕ ಮಲಗಿಸಿ, ಅಷ್ಟು ಕಾಲವೂ ಮನೆಯವರಿಗೆ ಸೇಬು ತರಬೇಡಿ ಎಂದು ತಾಕೀತು ಮಾಡಿರುತ್ತಾರೆ. ಸೇಬು ಬಿಡುವ ಅನಿಲಕ್ಕೆ ಒಳಗಿನ ಮೊಗ್ಗು ಕರಟುತ್ತದೆ, ಆ ಮಟ್ಟಿಗೆ ಅವರ ಮಾತು ನಿಜ. ಮರುವರ್ಷ ಆ ಟ್ಯುಲಿಪ್ಪಿನ ಸುದ್ದಿ ಅವರು ಎತ್ತುವುದಿಲ್ಲ, ನಾವೂ ಎತ್ತಬಾರದು.

ಇನ್ನು 'ಕೈಬಿಟ್ಟದ್ದಲ್ಲ' ಎಂಬ ಮಾತು. ಬೀಜದಿಂದ ಎಬ್ಬಿಸಿದ ಡೇಲಿಯಾ ತಾಯಿಯ ಬಣ್ಣವನ್ನೇ ತರುತ್ತದೆಂಬ ಭರವಸೆ ಇಲ್ಲ. ಕತ್ತಿನ ಹತ್ತಿರ ಒಂದು ಕಣ್ಣು ಉಳಿಯುವಂತೆ ಗೆಡ್ಡೆ ಸೀಳಿ ನೆಟ್ಟದ್ದು ಹಾಗಲ್ಲ, ಅದು ತಾಯಿಯೇ. ಈ ಕಾರಣಕ್ಕೆ ನಮ್ಮ ಕುಂಡದಲ್ಲಿರುವುದು ಈಗಲೂ ಮೇಷ್ಟ್ರ ಗಿಡ; ನಾವು ಅದನ್ನು ಇಟ್ಟುಕೊಂಡಿರುವವರು. ಇದು ಬರೀ ಮಾತಿನ ಚಮತ್ಕಾರವೆಂದು ಯಾರಾದರೂ ಹೇಳಿದರೆ 2008ರಲ್ಲಿ ದೇವನಹಳ್ಳಿಯಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಸುತ್ತಲ ಬಡಾವಣೆಗಳು ಬೆಳೆದ ರೀತಿ ನೋಡಬೇಕು. ರಾಗಿ ಹೊಲ, ದ್ರಾಕ್ಷಿ ತೋಟ ಸೈಟಾದವು. ಸೈಟಿನ ಮನೆ ಮೂರಂತಸ್ತಾಯಿತು. ಕಾಂಪೌಂಡಿನ ಎರಡಡಿ ಪಟ್ಟಿಗೆ ಬಾಡಿಗೆದಾರರ ಗಾಡಿಗಳಿಗಾಗಿ ಸಿಮೆಂಟು ಬಿತ್ತು. ಆಗ ಅದೇ ಮೇಷ್ಟ್ರು ಗೇಟಿಗೆ ಬರುತ್ತಾರೆ, ಈ ಸಲ ಪೊಟ್ಟಣವಿಲ್ಲದೆ. "ಆ ಬ್ಯಾಂಕ್ ಮೇಡಂ ಬಿಳಿ ನಿಮ್ಮಲ್ಲಿ ಉಳಿದಿದೆಯೇನಮ್ಮಾ? ಒಂದು ಮರಿ ಇದ್ರೆ ಸಾಕು, ಟೆರೇಸಿಗೆ." ಮೇಡಂ ಎಂದೋ ವರ್ಗವಾಗಿ ಹೋಗಿರುತ್ತಾರೆ, ಅವರ ಕ್ವಾರ್ಟರ್ಸ್ ಇದ್ದ ಜಾಗದಲ್ಲಿ ಕಾಂಪ್ಲೆಕ್ಸ್ ಎದ್ದಿರುತ್ತದೆ. ಆ ಬಿಳಿ ಬದುಕಿರುವುದು ಬೇಸತ್ತು ಅದನ್ನು ಮೂಲೆಗೆ ತಳ್ಳಿದವರ ಮನೆಯಲ್ಲಿ. ಹಾಗಾದರೆ ಇಷ್ಟು ವರ್ಷ ಕೊಟ್ಟದ್ದೆಲ್ಲ ಸ್ವಾರ್ಥವೇ? ಠೇವಣಿ ಎನ್ನಬಹುದು. ಆದರೆ ಇಪ್ಪತ್ತು ಮನೆಯಲ್ಲಿಟ್ಟು ಒಂದೇ ಒಂದು ಮರಿಯನ್ನು, ಅದೂ ಸಂಕೋಚದಿಂದ, ವಾಪಸು ಕೇಳುವವರನ್ನು ಸ್ವಾರ್ಥಿ ಎನ್ನಲು ನಾಲಿಗೆ ಏಳುವುದಿಲ್ಲ. ಧಾರಾಳಿ ಎಂಬ ಬಿರುದು, ನನ್ನ ಎರಡೂ ತಿದ್ದುಪಡಿಗಳೊಂದಿಗೆ, ಇರಲಿ.

ಅವರಲ್ಲಿ ವಿನಂತಿ ಒಂದೇ. ಮುಂದಿನ ಫೆಬ್ರವರಿಯಲ್ಲಿ ಪೊಟ್ಟಣ ಕಟ್ಟುವಾಗ ಒಳಗಿರುವುದು ಯಾವ ಬಣ್ಣದ್ದು, ಯಾವ ತಿಂಗಳಿಂದ ಯಾವ ತಿಂಗಳವರೆಗೆ ನೀರು ಹಾಕಬಾರದು ಎಂದು ಬರೆದು, ಗೆಡ್ಡೆಯ ಯಾವ ತುದಿ ಮೇಲಕ್ಕೆ ಎಂಬುದಕ್ಕೆ ಒಂದು ಬಾಣದ ಗುರುತು ಹಾಕಿಕೊಡಿ. ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ, ರಾಶಿಫಲದ ಪಕ್ಕ, ಅಷ್ಟು ಜಾಗ ಇದ್ದೇ ಇರುತ್ತದೆ.